ಸುಟ್ಟ ತಂತಿಯ ಲೆಕ್ಕ

ನಮ್ಮ ಮನೆಯಲ್ಲಿ ಅಪ್ಪನನ್ನು ಕರೆಯುವುದು 'ಬಾ' ಅಂತ. ನೇಪಾಳಿಯಲ್ಲಿ ಬಾ ಅಂದರೆ ಅಪ್ಪ. ಗದಗಿಗೆ ಬಂದ ಹೊಸದರಲ್ಲಿ ನಾನು ಓಣಿ ತುದಿಯಿಂದ "ಬಾ, ಬಾ" ಎಂದು ಕೂಗುತ್ತ ಓಡಿದರೆ ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆ ಅಜ್ಜಿ ಗದರಿಸುತ್ತಿದ್ದಳು: "ಅಪ್ಪಗ ಹಂಗ ಬಾ ಅಂತಾರೇನೋ? ಬರ್ರಿ ಅನ್ನು." ಹಾಗಾಗಿ ನಾನು ಕನ್ನಡದಲ್ಲಿ ಮೊದಲು ಕಲಿತದ್ದು ಬಹುವಚನ. ಒಂದು ವಾರ ಅಪ್ಪನನ್ನು "ಬರ್ರಿ" ಎಂದೇ ಕರೆದೆ. ಅವನು ಅರ್ಥವಾಗದೆ ಅಮ್ಮನ ಮುಖ ನೋಡುತ್ತಿದ್ದ.

ಬಂದದ್ದು 1997ರ ಬೇಸಿಗೆಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಹೊಸ ಆಫೀಸು, ಹೊಸ ಬಡಾವಣೆ, ರಾತ್ರಿ ಕಾಯಲು ಜನ ಬೇಕು. ನಮ್ಮೂರಿರುವುದು ನೇಪಾಳದ ದೂರದ ಪಶ್ಚಿಮ ಗುಡ್ಡಗಳಲ್ಲಿ, ಅಛಾಮ್ ಜಿಲ್ಲೆ. ಹೊಲ ಅನ್ನುವುದು ಗುಡ್ಡದ ಹೊಟ್ಟೆಗೆ ಅಂಟಿಸಿದ ಮೆಟ್ಟಿಲು. ಅಲ್ಲಿಯ ಗಂಡಸರು ಭಾರತಕ್ಕೆ ದುಡಿಯಲು ಬರುವುದು ಅಜ್ಜನ ಕಾಲದಿಂದಲೂ ಇದೆ. 1996ರಲ್ಲಿ ಮಾವೋವಾದಿಗಳ ಯುದ್ಧ ಶುರುವಾದ ಮೇಲೆ ಅಪ್ಪ ಒಬ್ಬನೇ ಬರುವುದನ್ನು ಬಿಟ್ಟು ನಮ್ಮನ್ನೂ ಕಟ್ಟಿಕೊಂಡು ಬಂದ. ದೊಡ್ಡಪ್ಪನ ಮಗನೊಬ್ಬ ಗದಗಿನಲ್ಲಿ ರಾತ್ರಿ ಕಾವಲಿನ ಬೀಟು ತಿರುಗುತ್ತಿದ್ದ. ಅವನ ಅರ್ಧ ಓಣಿಗಳು ಅಪ್ಪನಿಗೆ ಬಂದವು. ಕೋಲು, ಸೀಟಿ, ಬ್ಯಾಟರಿ. ಮನೆಗೆ ತಿಂಗಳಿಗೆ 10 ರೂಪಾಯಿ. ಅಪ್ಪನಿಗೆ ಇಟ್ಟ ಹೆಸರು ಏನಿದ್ದರೂ ಊರಿಗೆಲ್ಲ ಅವನು ಬಹಾದ್ದೂರ, ನಾನು ಬಹಾದ್ದೂರನ ಮಗ.

ಸರ್ಕಾರಿ ಕನ್ನಡ ಶಾಲೆಯ ಹೆಡ್‌ಮಾಸ್ತರರು ನನ್ನ ಹುಟ್ಟಿದ ದಿನ ಕೇಳಿದರು. ಅಪ್ಪ, "ಮಳೆ ಮುಗಿದು ಭತ್ತ ಕೊಯ್ಯೋ ಹೊತ್ತು" ಎಂದು ಹಿಂದಿಯಲ್ಲಿ ಹೇಳಿದ. ಮಾಸ್ತರರು ನನ್ನ ಹಲ್ಲು ನೋಡಿ, ತಲೆ ನೋಡಿ, 1-6-1990 ಎಂದು ಬರೆದರು. ಆ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಜೂನ್ 1ರಂದೇ ಹುಟ್ಟಿದವರು. ಆ ಮಟ್ಟಿಗೆ ನಾನು ಮೊದಲ ದಿನವೇ ಊರವನಾದೆ.

ನಾಲ್ಕನೇ ತರಗತಿಯಲ್ಲಿದ್ದಾಗ ಅಪ್ಪನ ಗುಮಾಸ್ತನಾದೆ. ಅವನಿಗೆ ಎಣಿಕೆ ಚೆನ್ನಾಗಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಯಾವ ಮನೆಯವರು ಕೊಟ್ಟರು, ಯಾರು ಬಾಕಿ ಎಂಬುದು ತಲೆಯಲ್ಲೇ ಇರುತ್ತಿತ್ತು; ತಲೆಯಲ್ಲಿದ್ದದ್ದನ್ನು ಜನ ಒಪ್ಪುತ್ತಿರಲಿಲ್ಲ. "ಹೋದ ತಿಂಗಳ ಕೊಟ್ಟೀವಲ್ಲೋ" ಅಂದರೆ ಮುಗಿಯಿತು. ನಾನು 40 ಪುಟದ ನೋಟ್‌ಬುಕ್‌ನಲ್ಲಿ ಗೆರೆ ಹೊಡೆದು ಬರೆಯತೊಡಗಿದೆ. ಕೆಂಪು ಗೇಟಿನ ಮನೆ: 10. ನಾಯಿ ಮನೆ: 10, 2 ತಿಂಗಳ ಬಾಕಿ. ಮಾಸ್ತರ ಮನೆ: ಊರಾಗ ಇಲ್ಲ. ತಿಂಗಳ ಮೊದಲ ಭಾನುವಾರ ಅಪ್ಪನ ಜೊತೆ ನಾನೂ ಹೋಗಿ ಬಾಗಿಲಲ್ಲಿ ನಿಂತು ಓದುತ್ತಿದ್ದೆ. ಬರೆದಿಟ್ಟದ್ದನ್ನು ಓದಿ ಹೇಳಿದರೆ ಅದೇ ಜನ ಒಳಗೆ ಹೋಗಿ ದುಡ್ಡು ತರುತ್ತಿದ್ದರು. ಶಾಲೆಯಿಂದ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಆ ನೋಟ್‌ಬುಕ್ಕೇ ನೆನಪಾಗುತ್ತದೆ.

2007ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಯಿತು, ಎರಡನೇ ದರ್ಜೆ. ಮುಂದೆ ಏನೇ ಮಾಡಬೇಕಾದರೂ ನಾನು ಯಾರೆಂಬ ಕಾಗದ ಬೇಕಿತ್ತು. ನೇಪಾಳದಲ್ಲಿ 16 ತುಂಬಿದವರಿಗೆ ನಾಗರಿಕತಾ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ನಮ್ಮ ಜಿಲ್ಲೆಗೇ ಹೋಗಿ ತರಬೇಕಿತ್ತು. ಪರೀಕ್ಷೆ ಮುಗಿದ ವಾರವೇ ಹೊರಟೆವು. ಹುಬ್ಬಳ್ಳಿ, ದೆಹಲಿ, ಅಲ್ಲಿಂದ ಬಸ್ಸಿನಲ್ಲಿ ಬನಬಸಾ. ಶಾರದಾ ನದಿಯ ಬ್ಯಾರೇಜು ದಾಟಿದರೆ ನೇಪಾಳ. ವೀಸಾ ಇಲ್ಲ, ಪಾಸ್‌ಪೋರ್ಟ್ ಇಲ್ಲ, ಚೀಲ ತೆರೆದು ನೋಡುತ್ತಾರೆ ಅಷ್ಟೇ. ಅಮ್ಮ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯನ್ನು ಪೊಲೀಸನೊಬ್ಬ ಮೂಸಿ ನೋಡಿ ಸೀನಿದ. ಅಲ್ಲಿಂದ ಡಡೇಲ್‌ಧುರಾ, ಸಿಲಗಢಿ, ಸಾಫೆಬಗರ್ ಹಾದು ಜಿಲ್ಲಾ ಕೇಂದ್ರ ಮಂಗಲಸೇನ. 2002ರ ಫೆಬ್ರವರಿಯಲ್ಲಿ ಮಾವೋವಾದಿಗಳು ಆ ಊರಿನ ಮೇಲೆ ದಾಳಿ ಮಾಡಿದ್ದರು, ಸರ್ಕಾರಿ ಕಟ್ಟಡಗಳು ಸುಟ್ಟುಹೋಗಿದ್ದವು.

ಅಲ್ಲಿಯ ಕಚೇರಿಯಲ್ಲಿ ನಾನು ಬಾಯಿಬಿಟ್ಟರೆ ನನ್ನ ನೇಪಾಳಿ ಕೇಳಿ ನಕ್ಕರು. ಹತ್ತು ವರ್ಷ ಗದಗಿನ ಮಣ್ಣು ಮೆತ್ತಿದ ನಾಲಿಗೆ. ಪ್ರತಿ ಮಾತಿನ ತುದಿಗೆ ಒಂದು 'ರೀ' ಅಂಟಿಕೊಳ್ಳುತ್ತಿತ್ತು. ಗದಗಿನಲ್ಲಿ ನೇಪಾಳದವ, ನೇಪಾಳದಲ್ಲಿ 'ಮದ್ರಾಸಿ'. ಅದಕ್ಕೆ ಅಪ್ಪ ಸಿಟ್ಟಾದ, ನನಗೆ ನಗು ಬಂತು.

ಕಾಗದ ಸಿಕ್ಕಿತು. ಅದರಲ್ಲಿ ಹುಟ್ಟಿದ ದಿನ ವಿಕ್ರಮ ಸಂವತ್ 2047ರ ಕಾರ್ತಿಕ ಎಂದಿತ್ತು. ನೇಪಾಳದ ಸರ್ಕಾರಿ ಲೆಕ್ಕವೆಲ್ಲ ವಿಕ್ರಮ ಸಂವತ್ತಿನದು, ನಮ್ಮ ಇಸವಿಗಿಂತ 56-57 ವರ್ಷ ಮುಂದೆ. ಐಟಿಐ ಪ್ರವೇಶಕ್ಕೆ ಅದರ ಪ್ರತಿ ಕೊಟ್ಟಾಗ ಗುಮಾಸ್ತರು ಕನ್ನಡಕ ಏರಿಸಿ ನೋಡಿ, ಒಳಗಿನ ಕೋಣೆಗೆ ಕೇಳುವಂತೆ ಕೂಗಿದರು: "ಸರ, ಈ ಹುಡುಗ ಇನ್ನೂ ಹುಟ್ಟೇ ಇಲ್ರೀ!" ಅದನ್ನು 1990 ಎಂದು ಬಿಡಿಸಿ ಹೇಳಿದ ಮೇಲೆ ಇನ್ನೊಂದು ತಕರಾರು: ಎಸ್ಸೆಸ್ಸೆಲ್ಸಿ ಪ್ರಕಾರ ಜೂನ್, ಇದರ ಪ್ರಕಾರ ಅಕ್ಟೋಬರ್-ನವೆಂಬರ್. ಮೂರು ಸಲ ಓಡಾಡಿಸಿ, ನಮ್ಮ ಹಳೆಯ ಹೆಡ್‌ಮಾಸ್ತರರಿಂದ ಒಂದು ಪತ್ರ ತರಿಸಿಕೊಂಡು, ಕೊನೆಗೆ ಸೇರಿಸಿಕೊಂಡರು. ಖಾಸಗಿ ಐಟಿಐ, ಎಲೆಕ್ಟ್ರಿಷಿಯನ್ ಟ್ರೇಡು, 2 ವರ್ಷ.

ಐಟಿಐ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬೋರ್ಡಿನ ಮೇಲೆ ಸೂತ್ರ ಬರೆಸಿದರು, ಬಾಯಿಪಾಠ ಮಾಡಿದೆವು. 120 ಗುಣಿಲೆ ಫ್ರೀಕ್ವೆನ್ಸಿ, ಭಾಗಿಲೆ ಪೋಲು. 50 ಸೈಕಲ್ಲಿಗೆ 4 ಪೋಲಿನ ಮೋಟಾರು ನಿಮಿಷಕ್ಕೆ 1500 ಸುತ್ತು. ಹಾಗಾದರೆ ಮೋಟಾರಿನ ತಗಡಿನ ಮೇಲೆ 1440 ಎಂದು ಯಾಕಿದೆ ಎಂದು ಕೇಳಿದೆ. "ಸ್ಲಿಪ್ ಅಂತ ಬರಿ, 2 ಮಾರ್ಕ್ಸಿನ ಪ್ರಶ್ನೆ" ಎಂದರು. ಸ್ಲಿಪ್ ಅಂದರೇನೆಂದು ತಿಳಿಯಲು ನಾನು ಹುಬ್ಬಳ್ಳಿಗೆ ಹೋಗಬೇಕಾಯಿತು.

ಅದಕ್ಕೂ ಮುಂಚೆ ಒಂದು ಆಸೆ ಹುಟ್ಟಿ ಸತ್ತಿತು. ಗೆಳೆಯರೆಲ್ಲ ರೈಲ್ವೆ ಅರ್ಜಿ ತುಂಬುತ್ತಿದ್ದರು. ಅಧಿಸೂಚನೆಯಲ್ಲಿ ಅಭ್ಯರ್ಥಿ ಭಾರತದ ನಾಗರಿಕನಾಗಿರಬೇಕು 'ಅಥವಾ ನೇಪಾಳದ ಪ್ರಜೆ' ಎಂಬ ಸಾಲಿತ್ತು. ಅದನ್ನು ಹತ್ತು ಸಲ ಓದಿದೆ. ಇಷ್ಟು ದೊಡ್ಡ ಸರ್ಕಾರ ನನ್ನನ್ನು ನೆನಪಿಟ್ಟು ಒಂದು ಸಾಲು ಬರೆದಿದೆಯಲ್ಲ ಎಂದು ಎದೆ ಉಬ್ಬಿತು. ಕೆಳಗೆ ಇನ್ನೊಂದು ಸಾಲು: ಅಂಥವರು ಭಾರತ ಸರ್ಕಾರದ ಅರ್ಹತಾ ಪ್ರಮಾಣಪತ್ರ ತರಬೇಕು. ಅದನ್ನು ಎಲ್ಲಿ ಕೊಡುತ್ತಾರೆ ಎಂದು ಕೇಳಿದ ಕಡೆಯಲ್ಲೆಲ್ಲ ಬೇರೆ ಕಡೆ ಕೈ ತೋರಿಸಿದರು. ಗೆಳೆಯರು ಪರೀಕ್ಷೆ ಬರೆಯಲು ಹೋದ ದಿನ ನಾನು ಅದೇ ರೈಲ್ವೆಯ ಪ್ಯಾಸೆಂಜರ್ ಗಾಡಿ ಹತ್ತಿ ಹುಬ್ಬಳ್ಳಿಗೆ ಕೆಲಸ ಹುಡುಕಲು ಹೋದೆ.

ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಹಿಂದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಮಾಲೀಕರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಬಿಳಿ ಗಡ್ಡ, ಬೆರಳ ತುದಿಗಳೆಲ್ಲ ವಾರ್ನಿಷ್ ಕುಡಿದು ಜೇನಿನ ಬಣ್ಣ. ನನ್ನ ಐಟಿಐ ಸರ್ಟಿಫಿಕೇಟನ್ನು ಮುಟ್ಟಲಿಲ್ಲ. ಸುಟ್ಟ ಸ್ಟೇಟರೊಂದನ್ನು, ಅಂದರೆ ಮೋಟಾರಿನ ತಿರುಗದ ಹೊರಭಾಗವನ್ನು, ನನ್ನ ಮುಂದೆ ಉರುಳಿಸಿ, "ಮೂಸು" ಅಂದರು. ಮೂಸಿದೆ. "ಏನ್ ಸುಟ್ಟೈತಿ?" ಗೊತ್ತಿಲ್ಲ ಅಂದೆ. "ಗೊತ್ತಿಲ್ಲ ಅಂದಿ ನೋಡು, ನಾಳೆಯಿಂದ ಬಾ." ತಿಂಗಳಿಗೆ 1,500 ರೂಪಾಯಿ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರು. ರೈಲ್ವೆ ಪಾಸು ಮಾಡಿಸಿದೆ. ಬೆಳಗಿನ ಗಾಡಿಯಲ್ಲಿ ಅಣ್ಣಿಗೇರಿ ಬರುವಷ್ಟರಲ್ಲಿ ನಿದ್ದೆ, ಸಂಜೆ ಅದೇ ಅಣ್ಣಿಗೇರಿಯಲ್ಲಿ ಎಚ್ಚರ.

ನಾಲ್ಕು ವರ್ಷ ಅಲ್ಲಿದ್ದೆ. ಮೊದಲ ಆರು ತಿಂಗಳು ಬರೀ ಬಿಚ್ಚುವ ಕೆಲಸ. ಸುಟ್ಟ ಸುರುಳಿಯ ಒಂದು ಬದಿಯನ್ನು ಉಳಿಯಿಂದ ಕತ್ತರಿಸಿ, ಇನ್ನೊಂದು ಬದಿಯಿಂದ ಎಳೆದು ತೆಗೆಯುವುದು. ಆದರೆ ಕತ್ತರಿಸುವ ಮುಂಚೆ ಎಣಿಸಬೇಕು: ಎಷ್ಟು ಸ್ಲಾಟು (ತಂತಿ ಕೂರುವ ಸೀಳು), ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹಾರಿದೆ, ಒಂದು ಕಾಯಿಲಿಗೆ (ಸುರುಳಿಗೆ) ಎಷ್ಟು ಸುತ್ತು, ತಂತಿ ಎಷ್ಟು ಗೇಜು. ಕತ್ತರಿಸಿದ ಮೇಲೆ ಆ ಮೋಟಾರಿನ ಹುಟ್ಟು ಗುಟ್ಟೆಲ್ಲ ಹೋಯಿತು. ಉಸ್ತಾದರ ನೇಮ, ಮೂರು ಕಾಯಿಲ್ ಎಣಿಸಬೇಕು. ಎರಡು ಒಂದೇ ಲೆಕ್ಕ ಬಂದರೆ ಅದೇ ಖರೆ.

ಅವರು ಈ ಲೆಕ್ಕಗಳನ್ನು ಬರೆದಿಡುತ್ತಿರಲಿಲ್ಲ. ನಲವತ್ತು ವರ್ಷದ ಮೋಟಾರುಗಳು ಅವರ ತಲೆಯಲ್ಲಿದ್ದವು. ಯಾವ ಕಂಪನಿ, ಎಷ್ಟು ಎಚ್‌ಪಿ ಎಂದು ಹೇಳಿದರೆ ಸಾಕು, ಕಣ್ಣು ಮುಚ್ಚಿ ಸುತ್ತಿನ ಲೆಕ್ಕ ಒಪ್ಪಿಸುತ್ತಿದ್ದರು. ಉಳಿದ ಹುಡುಗರು ಅದನ್ನು ಕೈಯಲ್ಲಿ ಕಲಿಯುತ್ತಿದ್ದರು. ನನಗೆ ಹಳೆಯ ಚಟ: 200 ಪುಟದ ನೋಟ್‌ಬುಕ್ ತಂದು ಬರೆಯತೊಡಗಿದೆ. ನೋಡಿದ ಉಸ್ತಾದರ ಮುಖ ಗಂಟಿಕ್ಕಿತು. ಕಸುಬಿನವನ ಆಸ್ತಿಯೇ ಆ ಅಂಕಿಗಳು. ಅವನ್ನು ನಾನು ಚೀಲದಲ್ಲಿ ಹಾಕಿಕೊಂಡು ದಿನಾ ಗದಗಿಗೆ ಒಯ್ಯುತ್ತಿದ್ದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಚಹಾ ಕುಡಿಯುತ್ತ, "ನನಗೂ ಒಂದು ಬರದ ಕೊಡು. ಇತ್ತೀಚಿಗೆ ಮರವ ಭಾಳ ಆಗೈತಿ" ಅಂದರು.

ಸ್ಲಿಪ್ ಏನೆಂದು ಹೇಳಿಕೊಟ್ಟವರೂ ಅವರೇ. ಸ್ಟೇಟರಿನ ಅಯಸ್ಕಾಂತ ಶಕ್ತಿ 1500ರಲ್ಲಿ ಸುತ್ತುತ್ತದೆ, ಒಳಗೆ ತಿರುಗುವ ರೋಟರು ಅದರ ಬೆನ್ನು ಹತ್ತುತ್ತದೆ. ಹಿಡಿದುಬಿಟ್ಟರೆ ಎಳೆತವೇ ಇರುವುದಿಲ್ಲ. ಅದಕ್ಕೇ ಯಾವಾಗಲೂ ಸ್ವಲ್ಪ ಹಿಂದೆ. "ಎತ್ತಿನ ಮುಂದ ಹುಲ್ಲ ಕಟ್ಟಿದಂಗ" ಅಂದರು. ಆ 2 ಮಾರ್ಕ್ಸ್ ಆಗ ಸಿಕ್ಕಿತು.

2014ರಲ್ಲಿ ಗದಗಿನ ಮುಳಗುಂದ ನಾಕಾದ ಹತ್ತಿರ ಹತ್ತು ಅಡಿ ಅಗಲದ ಮಳಿಗೆ ಹಿಡಿದೆ. ಒಟ್ಟು 1,40,000 ರೂಪಾಯಿ ಬೇಕಾಯಿತು, ಮುಂಗಡವೇ 50,000. ನನ್ನ ಉಳಿತಾಯ 60,000. ಅಮ್ಮ ಅಷ್ಟು ಹೊತ್ತಿಗೆ ರೊಟ್ಟಿ ಬಡಿಯುವ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದಳು. ಗುಡ್ಡದ ಹೆಂಗಸು, ಹುಟ್ಟಿದಾಗಿನಿಂದ ಜೋಳ ಕಂಡವಳಲ್ಲ. ಈಗ ಅವಳ ಖಡಕ್ ರೊಟ್ಟಿ ಕಾಗದದಷ್ಟು ತೆಳುವು. ಅಲ್ಲಿಯ ಹೆಂಗಸರ ಭಿಶಿ ಚೀಟಿಯಲ್ಲಿ 40,000 ಎತ್ತಿಕೊಟ್ಟಳು. ಉಸ್ತಾದರು ಹಳೆಯ ಕಾಯಿಲ್ ಸುತ್ತುವ ಕೈಯಂತ್ರ, ನಾಲ್ಕೈದು ಮರದ ಫರ್ಮಾ, ತಂತಿಯಿಂದ ಕರೆಂಟು ಸೋರುತ್ತದೆಯೇ ಎಂದು ನೋಡುವ ಒಂದು ಮೆಗ್ಗರ್ ಕೊಟ್ಟರು. ಉಳಿದದ್ದು ಸಾಲ.

ತಂತಿಗೆ ಶೇಠಜಿ. ಅಜ್ಜನ ಕಾಲದಲ್ಲಿ ರಾಜಸ್ಥಾನದಿಂದ ಬಂದ ಕುಟುಂಬ. ತಾಮ್ರದ ತಂತಿಯನ್ನು 15 ದಿನದ ಉದ್ರಿಗೆ ಕೊಡಿ ಎಂದು ಕೇಳಲು ಹೋದಾಗ ಗುರುತಿನ ಕಾಗದ ಕೇಳಿದರು. ಇದ್ದದ್ದನ್ನೇ ಕೊಟ್ಟೆ. 2047 ನೋಡಿ ಅವರು ನಗಲಿಲ್ಲ. "ವಿಕ್ರಮ ಸಂವತ್ತು. ದೀಪಾವಳಿಗೆ ನಮ್ಮ ಚೋಪಡಾದಾಗೂ ಇದನ್ನ ಬರಿತೀವಿ" ಎಂದು ಲೆಕ್ಕದ ಪುಸ್ತಕ ತಿರುಗಿಸಿ ತೋರಿಸಿದರು. ಏಳು ವರ್ಷದಲ್ಲಿ ನನ್ನ ಹುಟ್ಟಿದ ಇಸವಿಯನ್ನು ತಕರಾರಿಲ್ಲದೆ ಓದಿದ ಮೊದಲ ಮನುಷ್ಯ. ಉದ್ರಿ ಕೊಟ್ಟರು.

ಕಚೇರಿಗಳಲ್ಲಿ ಅಷ್ಟು ಸಲೀಸಾಗಲಿಲ್ಲ. ಪರವಾನಗಿಗೆ ಹೋದ ಕಡೆ, "ಫಾರಿನ್ನರ್ ಅಂದ್ರ ನಮ್ಮ ಕೈಯಾಗಿಲ್ಲ" ಎಂದು ಅರ್ಜಿ ವಾಪಸು ಕೊಟ್ಟರು. ಮಳಿಗೆಯ ಮಾಲೀಕರಿಗೆ ಪರಿಚಯದ ವಯಸ್ಸಾದ ವಕೀಲರೊಬ್ಬರಿದ್ದರು. ಅವರು ಒಂದು ಹಾಳೆ ಪ್ರಿಂಟ್ ತೆಗೆಸಿಕೊಟ್ಟರು: 1950ರ ಜುಲೈ 31ರಂದು ಸಹಿಯಾದ ಭಾರತ-ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದ. ಅದರ 7ನೇ ವಿಧಿಯ ಪ್ರಕಾರ ಒಂದು ದೇಶದವರಿಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರ, ಓಡಾಟದಲ್ಲಿ ಸಮಾನ ಸವಲತ್ತು. ಅದನ್ನು ಲ್ಯಾಮಿನೇಟ್ ಮಾಡಿಸಿದೆ. ಮೇಜಿನ ಮೇಲಿಟ್ಟರೆ ಯಾರೂ ಪೂರ್ತಿ ಓದುತ್ತಿರಲಿಲ್ಲ. ಆದರೆ ಲ್ಯಾಮಿನೇಟ್ ಆದ ಕಾಗದಕ್ಕೆ ನಮ್ಮಲ್ಲಿ ಒಂದು ಗತ್ತಿದೆ. ಪರವಾನಗಿ ಬಂತು. ಎರಡು ವರ್ಷದ ನಂತರ ಅಂಗಡಿ ದೊಡ್ಡದು ಮಾಡಲು ಮುದ್ರಾ ಸಾಲ ಕೇಳಿದಾಗ ಮಾತ್ರ ಅದು ನಡೆಯಲಿಲ್ಲ. ಆ ಯೋಜನೆ ಭಾರತದ ನಾಗರಿಕರಿಗೆ. ಆಧಾರ್ ತೋರಿಸಿದೆ. ಅದು ಇಲ್ಲಿ ವಾಸವಿರುವುದಕ್ಕೆ ಸಾಕ್ಷಿ, ಪೌರತ್ವಕ್ಕಲ್ಲ ಎಂದರು. ಅವರು ಹೇಳಿದ್ದು ಸರಿಯೇ ಇತ್ತು, ಜಗಳಾಡಲು ಏನೂ ಇರಲಿಲ್ಲ. ಅಂಗಡಿ ಈಗಲೂ ಹತ್ತು ಅಡಿಯೇ.

ಮೊದಲ ತಿಂಗಳೇ ಎಡವಿದೆ. ಹೊಂಬಳ ಕಡೆಯ ರೈತರೊಬ್ಬರು 5 ಎಚ್‌ಪಿ ಮೊನೊಬ್ಲಾಕ್, ಮೋಟಾರು ಪಂಪು ಕೂಡಿಯೇ ಇರುವಂಥದ್ದು, ತಂದರು. ಹೊಲದಲ್ಲಿ ಮೆಣಸಿನ ಸಸಿ, ಬಾವಿಯಲ್ಲಿ ನೀರು, ನಡುವೆ ಸುಟ್ಟ ಮೋಟಾರು. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದೆರಡು ಅದರ ಭಾರವನ್ನೂ ಹೊರುತ್ತವೆ, ತಂತಿ ಕಾಯ್ದು ಸುಡುತ್ತದೆ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ತಾಸು, ಅದೂ ಬಹಳ ಸಲ ರಾತ್ರಿ. ಉಳಿದ ಹೊತ್ತಿಗೆ ಕಂಡೆನ್ಸರ್ ಹಾಕಿ ಇದ್ದ ಫೇಸಿನಲ್ಲೇ ಎಳೆಯುತ್ತಾರೆ. ಸುಡುತ್ತದೆ ಎಂದು ಅವರಿಗೂ ಗೊತ್ತು. ಬೆಳೆ ಒಣಗುವುದನ್ನು ನೋಡುತ್ತ ಕೂಡುವುದಕ್ಕಿಂತ ಮೋಟಾರು ಸುಡಲಿ ಅನ್ನುವ ಲೆಕ್ಕ ಅದು. ನಾನು ಬೈಯಲು ಹೋಗುವುದಿಲ್ಲ, ನನ್ನ ಹೊಟ್ಟೆ ನಡೆಯುವುದೂ ಅದರಿಂದಲೇ.

ಎಣಿಸಿದೆ. 64 ಬಂತು. ಮೂರು ಕಾಯಿಲಿನಲ್ಲೂ 64. ಅದೇ ಗೇಜಿನ ತಂತಿಯಲ್ಲಿ 64 ಸುತ್ತು ಸುತ್ತಿ, ಪೇಪರ್ ಹಾಕಿ, ಸ್ಲಾಟಿಗೆ ಇಳಿಸಿ, ಬಿದಿರಿನ ಕಡ್ಡಿ ಬಡಿದು, ವಾರ್ನಿಷ್ ಕುಡಿಸಿ, ಒಳಗೆ 200 ವ್ಯಾಟಿನ ಬಲ್ಬು ಇಟ್ಟು ರಾತ್ರಿಯೆಲ್ಲ ಒಣಗಿಸಿದೆ. ಸ್ಲಾಟು ಅಳತೆಗೆ ತಕ್ಕಂತೆ ತುಂಬಿತ್ತು. ಮೆಗ್ಗರ್ ಚೆನ್ನಾಗಿ ತೋರಿಸಿತು. ಖಾಲಿ ಓಡಿಸಿದರೆ ಸದ್ದೇ ಇಲ್ಲ, ಬೆಣ್ಣೆಯಂತೆ ತಿರುಗಿತು. 2,500 ರೂಪಾಯಿ ಎಣಿಸಿಕೊಂಡೆ. ಮರುದಿನ ಸಂಜೆ ಟಂಟಂನಲ್ಲಿ ಮೋಟಾರು ವಾಪಸು ಬಂತು. "ಬಹಾದ್ದೂರಾ, ನೀರ ಎತ್ತವಲ್ದೋ. ಗುಂಯ್ ಅಂತೈತಿ, ನಿಂದ್ರತೈತಿ."

ರಾತ್ರಿ ಉಸ್ತಾದರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿ, "ಎಷ್ಟು ತಂತಿ ಜೋಡಿ ಇತ್ತು?" ಅಂದರು. ನನ್ನ ಕೈ ತಣ್ಣಗಾಯಿತು. ದಪ್ಪ ತಂತಿ ಸ್ಲಾಟಿಗೆ ಬಗ್ಗುವುದಿಲ್ಲವೆಂದು ಎರಡು ಸಣ್ಣ ತಂತಿ ಜೋಡಿಸಿ ಸುತ್ತಿರುತ್ತಾರೆ. ಅಂದರೆ 32 ಸುತ್ತು, ಜೋಡಿ ತಂತಿ. ನಾನು ಕತ್ತರಿಸಿದ ತುದಿಗಳನ್ನು ಎಣಿಸಿ 64 ಸುತ್ತು ಒಂಟಿ ತಂತಿ ಮಾಡಿದ್ದೆ. ತಾಮ್ರ ಅಷ್ಟೇ, ಜಾಗ ಅಷ್ಟೇ, ಕಣ್ಣಿಗೆ ಎಲ್ಲ ಸರಿ. ಸುತ್ತು ಎರಡು ಪಟ್ಟಾದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಅಷ್ಟು ಮೆತ್ತಗೆ ಓಡಿತ್ತು! ಟಂಗ್ ಟೆಸ್ಟರ್ ಹಿಡಿದು ಆಂಪಿಯರ್ ನೋಡಿದ್ದರೆ ಅರ್ಧಕ್ಕಿಂತ ಕಡಿಮೆ ತೋರಿಸುತ್ತಿತ್ತು, ಅಲ್ಲೇ ಗೊತ್ತಾಗುತ್ತಿತ್ತು. ಟಂಗ್ ಟೆಸ್ಟರ್ ಕೊಳ್ಳಲು ದುಡ್ಡಿರಲಿಲ್ಲ.

ಎರಡನೇ ಸಲ ನನ್ನ ಖರ್ಚಿನಲ್ಲಿ ಸುತ್ತಿದೆ, ಒಂದೇ ರಾತ್ರಿ. ಆ ರೈತರು, ಅವರನ್ನು ನಾನು ಕಾಕಾ ಅನ್ನುತ್ತೇನೆ, ರಾತ್ರಿಯಿಡೀ ಎದುರಿಗೆ ಕೂತರು. ನಂಬಿಕೆ ಇಲ್ಲದೆ ಕೂತರೋ, ಬಸ್ಸಿಲ್ಲದೆ ಕೂತರೋ ಕೇಳಲಿಲ್ಲ. ಎರಡು ಗಂಟೆ ಸುಮಾರಿಗೆ ಅಪ್ಪ ಬೀಟಿನ ನಡುವೆ ಬಂದ, ಕೋಲು ಗೋಡೆಗೆ ಆನಿಸಿದ, ಮೂವರೂ ಅವನ ಥರ್ಮಾಸಿನ ಚಹಾ ಕುಡಿದೆವು. "ನೀನೂ ರಾತ್ರಿ ಪಾಳಿ, ನಾನೂ ರಾತ್ರಿ ಪಾಳಿ. ಕರೆಂಟಿನವರು ಇಬ್ಬರನೂ ಒಂದ ಮಾಡ್ಯಾರ" ಎಂದು ಕಾಕಾ ಅಪ್ಪನಿಗೆ ಹೇಳಿದರು. ಬೆಳಿಗ್ಗೆ ಹಾಳಾದ ಹೊಸ ತಂತಿಯನ್ನು ಅವರ ಮುಂದೆಯೇ ತೂಗಿ ಗುಜರಿಗೆ ಹಾಕಿದೆ.

ಆ ತೂಕವೇ ಆಮೇಲೆ ನನ್ನ ವ್ಯಾಪಾರವಾಯಿತು. ಸುಟ್ಟ ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ. ಅದನ್ನು ಸದ್ದಿಲ್ಲದೆ ಇಟ್ಟುಕೊಳ್ಳುವ ರೂಢಿ ಕಸುಬಿನಲ್ಲಿದೆ, ರೈತರೂ ಕೇಳುವುದಿಲ್ಲ. ನಾನು ತೂಗಿ, ಬರೆದು, ಬಿಲ್ಲಿನಲ್ಲಿ ಕಳೆಯತೊಡಗಿದೆ. ಧರ್ಮಾತ್ಮನೆಂದಲ್ಲ. ಊರಿಗೆ ಹೊರಗಿನವನು, ಹೊಸಬ, ಹಿಂದೆ ಯಾರೂ ಇಲ್ಲ. ತಕ್ಕಡಿಯನ್ನಾದರೂ ಎಲ್ಲರಿಗೂ ಕಾಣುವಲ್ಲಿ ಇಡೋಣ ಎಂದುಕೊಂಡೆ. ಲಕ್ಕುಂಡಿ, ಹುಲಕೋಟಿ, ಸೊರಟೂರ ಕಡೆಯಿಂದಲೂ ಮೋಟಾರು ಬರತೊಡಗಿದವು. ಬೇಸಿಗೆಯಲ್ಲಿ ಕೆಲಸ ಮುಗಿಯುವುದಿಲ್ಲ, ಮಳೆ ಬಿದ್ದರೆ ನೊಣ ಹೊಡೆಯುವುದು. ಉದ್ರಿ ಮಾತ್ರ ಬಾರಾ ತಿಂಗಳೂ. "ಉಳ್ಳಾಗಡ್ಡಿ ಮಾರಿ ಕೊಡ್ತೇನಿ" ಎಂದವರ ಉಳ್ಳಾಗಡ್ಡಿಗೆ ಎಪಿಎಂಸಿಯಲ್ಲಿ ಚೀಲದ ದುಡ್ಡೂ ಹುಟ್ಟದ ವರ್ಷಗಳಿವೆ. ಆಗ ಮನೆಗೆ ದುಡ್ಡಿನ ಬದಲು ಉಳ್ಳಾಗಡ್ಡಿಯೇ ಬರುತ್ತದೆ. ಅಮ್ಮ ಬೈಯುತ್ತ ಸುಲಿಯುತ್ತಾಳೆ.

ನೋಟ್‌ಬುಕ್ಕುಗಳು ಈಗ ಏಳಾಗಿವೆ. ಒಂದರ ಪ್ರತಿ ಉಸ್ತಾದರ ಹತ್ತಿರ ಇದೆ. ಬಲ ತುದಿಗೆ ಒಂದು ಕಾಲಮ್ಮು ಹೆಚ್ಚಿಗೆ ಹೊಡೆದಿದ್ದೇನೆ, 'ಎಷ್ಟು ತಂತಿ ಜೋಡಿ' ಅಂತ. ಅದು ಹೊಂಬಳದ ಕಾಕಾನ ಕಾಲಮ್ಮು.

ಬಡಾವಣೆಗಳಲ್ಲಿ ಕ್ಯಾಮೆರಾ ಬಂದ ಮೇಲೆ ಅಪ್ಪನ ಓಣಿಗಳು ಒಂದೊಂದಾಗಿ ಕಡಿಮೆಯಾದವು. ಈಗ ಹಗಲು ಹೊತ್ತು ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಾನೆ. ಹೊಸ ಗಿರಾಕಿಗಳು ಅವನೇ ಮಾಲೀಕನೆಂದು ನಮಸ್ಕಾರ ಹೊಡೆಯುತ್ತಾರೆ, ಅವನು ಬೀಟಿನ ರೂಢಿಯಲ್ಲಿ ಸಲಾಂ ಹೊಡೆಯುತ್ತಾನೆ. ಓದಲು ಬರದಿದ್ದರೂ ಎಣಿಕೆ ಬರುತ್ತದಲ್ಲ. ಸುಟ್ಟ ಕಾಯಿಲ್ ಬಂದರೆ ಮೊದಲು ಅವನ ಕೈಗೆ. ಬಿಡಿಸಿದ ತಂತಿಯ ಕಟ್ಟು ಅವನ ಎಡಗೈಯಲ್ಲಿ, ಎದುರಿಗೆ ಮೋಟಾರಿನ ಯಜಮಾನರು ಬಗ್ಗಿ ಕೂತಿರುತ್ತಾರೆ. ಅವನು "ಏಕ್, ದುಇ, ತೀನ್", ಅವರು "ಒಂದ, ಎರಡ, ಮೂರ". ಇಬ್ಬರೂ ಒಂದೇ ಅಂಕಿಗೆ ಬಂದು ನಿಂತರೆ ನಾನು ಬರೆದುಕೊಳ್ಳುತ್ತೇನೆ. ಬೇರೆ ಬೇರೆ ಬಂದರೆ ಇನ್ನೊಂದು ಕಾಯಿಲ್ ಬಿಚ್ಚುತ್ತೇವೆ.